‘ಬಳ್ಳಾರಿಗೆ ಬಿಸಿಲು ಹೊಸದೇನ್ರೀ?’ ಎಂದವರಿಗೆ ಹವಾಮಾನ ವಿಜ್ಞಾನಿ ಏನು ಹೇಳಬೇಕು

ಏಪ್ರಿಲ್ ಬಂತೆಂದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶ ಹರಿದಾಡುತ್ತವೆ. ಇನ್ನು ಹತ್ತೇ ವರ್ಷ, ಆಮೇಲೆ ಈ ಕಡೆ ಮನುಷ್ಯರು ಬದುಕುವುದೇ ಇಲ್ಲ ಎಂದು ಒಂದು ಹೇಳುತ್ತದೆ. ಇದೆಲ್ಲ ವಿದೇಶಿ ದುಡ್ಡಿನ ಆಟ, ಪ್ರಾಜೆಕ್ಟ್ ಆಸೆಗೆ ವಿಜ್ಞಾನಿಗಳು ಹೆದರಿಸುತ್ತಿದ್ದಾರೆ, ‘ಬಳ್ಳಾರಿಗೆ ಬಿಸಿಲು ಹೊಸದೇನ್ರೀ?’ ಎಂದು ಇನ್ನೊಂದು ಕೇಳುತ್ತದೆ. ಮೊದಲನೆಯದಕ್ಕೆ ಆಧಾರವಿಲ್ಲ. ಎರಡನೆಯದರ ಆರೋಪ ತಪ್ಪಾದರೂ ಅದರೊಳಗೆ ನ್ಯಾಯವಾದ ಒಂದು ಪ್ರಶ್ನೆ ಇದೆ: ನಿಮ್ಮನ್ನು ನಾವು ಯಾಕೆ ನಂಬಬೇಕು?

ಈ ಪ್ರಶ್ನೆ ಈಗ ಓದಿದವರ ಚರ್ಚೆಗಷ್ಟೇ ಸೇರಿದ್ದಲ್ಲ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಮರುವರ್ಷವೇ ತುಂಗಭದ್ರಾ ಜಲಾಶಯ ತುಂಬಿತು. ಅದೇ 2024ನ್ನು ಹವಾಮಾನ ಇಲಾಖೆ 1901ರಿಂದ ಈಚೆಗೆ ದೇಶದ ಅತ್ಯಂತ ಬಿಸಿ ವರ್ಷ ಎಂದು ದಾಖಲಿಸಿತು. ಬೇಸಿಗೆ ಬೆಳೆಗೆ ಭತ್ತ ಹಚ್ಚಬೇಕೋ ಬೇಡವೋ, ವಿಮೆ ಕಂತು ಕಟ್ಟಬೇಕೋ ಬೇಡವೋ ಎಂದು ತೀರ್ಮಾನಿಸುವ ರೈತನಿಗೆ, ಹವಾಮಾನದ ಬಗ್ಗೆ ಯಾರ ಮಾತು ನಂಬಬೇಕು ಎಂಬುದು ದುಡ್ಡಿನ ಪ್ರಶ್ನೆ. ಆದ್ದರಿಂದ ವಿಜ್ಞಾನಿಗಳಿಗೆ ಗೊತ್ತಿರುವುದೇನು, ಅವರ ಮೇಲಿನ ಆರೋಪಗಳೇನು, ಅವಕ್ಕೆ ಅವರು ಹೇಗೆ ಉತ್ತರಿಸಿದರೆ ಜನರಿಗೆ ಉಪಯೋಗ ಎಂಬುದನ್ನು ಬುಡದಿಂದ ನೋಡೋಣ.

ಹವೆ ಬೇರೆ, ಹವಾಮಾನ ಬೇರೆ

ಇವತ್ತು ಮಧ್ಯಾಹ್ನ ಸಿರುಗುಪ್ಪದಲ್ಲಿ ಎಷ್ಟು ಬಿಸಿಲು, ನಾಳೆ ಲಿಂಗಸುಗೂರಿಗೆ ಮಳೆ ಬರುತ್ತದೋ ಇಲ್ಲವೋ ಎಂಬುದು ಹವೆ. ಒಂದು ಊರಿನ ಹವೆಯನ್ನು ದಿನಾ ಬರೆದಿಟ್ಟು, ಸಾಮಾನ್ಯವಾಗಿ 30 ವರ್ಷದ ಲೆಕ್ಕದ ಮೇಲೆ ಸರಾಸರಿ ತೆಗೆದರೆ ಸಿಗುವುದು ಹವಾಮಾನ. ಹಾಗಾಗಿ ಒಂದು ಸುಡು ಬೇಸಿಗೆ ತೋರಿಸಿ ಹವಾಮಾನ ಬದಲಾಗಿದೆ ಎನ್ನಲು ಬರುವುದಿಲ್ಲ. ಒಂದು ತಣ್ಣನೆಯ ಡಿಸೆಂಬರ್ ತೋರಿಸಿ ಬದಲಾಗಿಲ್ಲ ಎನ್ನಲೂ ಬರುವುದಿಲ್ಲ.

ಬಳ್ಳಾರಿಗೆ ಬಿಸಿಲು ಹೊಸದಲ್ಲ, ನಿಜ. ವಿಜ್ಞಾನಿಗಳು ಮಾತಾಡುತ್ತಿರುವುದು ಸರಾಸರಿಯ ಬಗ್ಗೆ. ಕೇಂದ್ರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 1901ರಿಂದ 2018ರ ನಡುವೆ ದೇಶದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ. 42 ಡಿಗ್ರಿ ಬಿಸಿಲಲ್ಲಿ ಕಳೆ ತೆಗೆಯುವವರಿಗೆ ಮುಕ್ಕಾಲು ಡಿಗ್ರಿ ಏನು ಲೆಕ್ಕ ಅನ್ನಿಸಬಹುದು. ಆದರೆ ವರ್ಷದ ಅಷ್ಟೂ ದಿನಗಳ ಸರಾಸರಿ ಚೂರು ಮೇಲಕ್ಕೆ ಸರಿದರೂ, ಅಪರೂಪಕ್ಕೆ ಬರುತ್ತಿದ್ದ ವಿಪರೀತ ಬಿಸಿಲಿನ ದಿನಗಳು ಮೇಲಿಂದ ಮೇಲೆ ಬರತೊಡಗುತ್ತವೆ. ರಾತ್ರಿಯೂ ತಂಪಾಗುವುದು ಕಡಿಮೆಯಾಗುತ್ತದೆ. ಬೆಳೆಗೂ ಮೈಗೂ ಪೆಟ್ಟು ಬೀಳುವುದು ಈ ದಿನಗಳಲ್ಲಿ.

ಅನುಮಾನಕ್ಕೂ ನಿರಾಕರಣೆಗೂ ಇರುವ ಫರಕನ್ನೂ ಇಲ್ಲೇ ಹೇಳಿಬಿಡಬೇಕು. ಅನುಮಾನಿಸುವವರಿಗೆ ತಕ್ಕ ಸಾಕ್ಷ್ಯ ಸಿಕ್ಕರೆ ಒಪ್ಪುತ್ತಾರೆ, ಯಾವ ಸಾಕ್ಷ್ಯ ಬೇಕೆಂದು ಕೇಳಿದರೆ ಹೇಳುತ್ತಾರೆ. ನಿರಾಕರಿಸುವವರಿಗೆ ಯಾವ ಸಾಕ್ಷ್ಯವೂ ಸಾಲುವುದಿಲ್ಲ. ಒಂದಕ್ಕೆ ಉತ್ತರ ಸಿಕ್ಕಿದ ಕೂಡಲೇ ಇನ್ನೊಂದಕ್ಕೆ ಹಾರುತ್ತಾರೆ. ವಿಜ್ಞಾನ ನಡೆಯುವುದೇ ಅನುಮಾನದಿಂದ. ಪ್ರಶ್ನೆ ಕೇಳಿದವರನ್ನೆಲ್ಲ ನಿರಾಕರಿಸುವವರ ಸಾಲಿಗೆ ಸೇರಿಸುವುದು ವಿಜ್ಞಾನಿಗಳು ಪದೇ ಪದೇ ಮಾಡುವ ತಪ್ಪು.

ಗೊತ್ತಾದದ್ದು ಹೇಗೆ

‘ಭೂಮಿ ಬಿಸಿಯಾಗಲು ಮನುಷ್ಯನೇ ಕಾರಣ ಎಂದು 97 ಶೇಕಡಾ ವಿಜ್ಞಾನಿಗಳು ಒಪ್ಪಿದ್ದಾರೆ’ ಎಂಬ ಮಾತು ಬಹಳ ಸಲ ಕೇಳಿಬರುತ್ತದೆ. 2013ರಲ್ಲಿ ಸಾವಿರಾರು ಸಂಶೋಧನಾ ಪ್ರಬಂಧಗಳನ್ನು ಪರಿಶೀಲಿಸಿ ತೆಗೆದ ಅಂಕಿ ಅದು. ಆದರೆ ವಿಜ್ಞಾನಿಗಳ ಮೇಲೇ ಅನುಮಾನ ಇರುವವರಿಗೆ, ಇನ್ನಷ್ಟು ವಿಜ್ಞಾನಿಗಳು ಹೌದೆಂದಿದ್ದಾರೆ ಎಂದರೆ ಪ್ರಯೋಜನವಾಗದು. ಅದಕ್ಕಿಂತ ದಾರಿ ತೋರಿಸುವುದು ಮೇಲು.

ದಾರಿ ಹಳೆಯದು. 1856ರಲ್ಲಿ ಅಮೆರಿಕದ ಯುನಿಸ್ ಫೂಟ್ ಎಂಬ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟರು. ಇಂಗಾಲದ ಡೈಆಕ್ಸೈಡ್ ತುಂಬಿದ ಕೊಳವೆ ಹೆಚ್ಚು ಕಾಯಿತು, ಆರಲು ಹೆಚ್ಚು ಹೊತ್ತು ತೆಗೆದುಕೊಂಡಿತು. 1859ರಲ್ಲಿ ಜಾನ್ ಟಿಂಡಲ್ ಅದೇ ಅನಿಲ ಶಾಖವನ್ನು ಹೀರುವುದನ್ನು ಉಪಕರಣದಲ್ಲಿ ಅಳೆದರು. 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್, ಗಾಳಿಯಲ್ಲಿ ಈ ಅನಿಲ ಇಮ್ಮಡಿಯಾದರೆ ಭೂಮಿ ಎಷ್ಟು ಬಿಸಿಯಾದೀತು ಎಂದು ಕೈಯಲ್ಲೇ ಲೆಕ್ಕ ಹಾಕಿದರು. ಆಗ ಹವಾಮಾನದ ಹೆಸರಲ್ಲಿ ಪ್ರಾಜೆಕ್ಟ್ ಇರಲಿಲ್ಲ, ಪಕ್ಷ ಇರಲಿಲ್ಲ, ವಿಶ್ವಸಂಸ್ಥೆಯೂ ಇರಲಿಲ್ಲ.

1958ರಿಂದ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಈ ಅನಿಲವನ್ನು ಬಿಡದೆ ಅಳೆಯಲಾಗುತ್ತಿದೆ. ಶುರುವಾದಾಗ ಹತ್ತು ಲಕ್ಷ ಕಣದಲ್ಲಿ ಸುಮಾರು 315 ಕಣ ಇತ್ತು, ಈಗ 420 ದಾಟಿದೆ. ಕೈಗಾರಿಕೆ ಬರುವ ಮೊದಲು ಇದ್ದದ್ದು ಸುಮಾರು 280. ಅದು ಗೊತ್ತಾದದ್ದು ಧ್ರುವದ ಹಳೆಯ ಹಿಮದಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಗಳಿಂದ.

ಏರಿದ್ದು ಸರಿ, ಏರಿಸಿದ್ದು ಮನುಷ್ಯನೇ ಎಂದು ಹೇಗೆ ಹೇಳುತ್ತೀರಿ? ಇದು ಒಳ್ಳೆಯ ಪ್ರಶ್ನೆ. ಕಲ್ಲಿದ್ದಲು, ಪೆಟ್ರೋಲಿಯಂ ಕೋಟ್ಯಂತರ ವರ್ಷ ನೆಲದಡಿ ಇದ್ದದ್ದರಿಂದ ಅವುಗಳಲ್ಲಿ ಇಂಗಾಲ-14, ಅಂದರೆ ಕಾಲ ಕಳೆದಂತೆ ತಾನಾಗಿ ಕ್ಷಯಿಸುವ ವಿಕಿರಣಶೀಲ ಬಗೆಯ ಇಂಗಾಲ, ಪೂರ್ತಿ ಇಲ್ಲವಾಗಿರುತ್ತದೆ. ಗಾಳಿಗೆ ಅಂಥ ಹಳೆಯ ಇಂಗಾಲ ಬೆರೆಯುತ್ತಿರುವುದನ್ನು ಹ್ಯಾನ್ಸ್ ಸ್ಯೂಸ್ 1955ರಲ್ಲೇ ತೋರಿಸಿದರು. ಇನ್ನೊಂದು ಗುರುತು ಆಕಾಶದಲ್ಲೇ ಇದೆ. ಸೂರ್ಯನ ಕಾವು ಹೆಚ್ಚಿದ್ದರೆ ವಾತಾವರಣದ ಕೆಳಪದರ, ಮೇಲ್ಪದರ ಎರಡೂ ಬಿಸಿಯಾಗಬೇಕಿತ್ತು. ಇಂಗಾಲದ ಡೈಆಕ್ಸೈಡ್ ಕಾರಣವಾದರೆ ಕೆಳಗೆ ಬಿಸಿಯಾಗಿ ಮೇಲೆ ತಂಪಾಗಬೇಕು ಎಂದು ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲಿ ಲೆಕ್ಕ ಹಾಕಿ ಹೇಳಿದ್ದರು. ಮುಂದೆ ಅಳತೆಯಲ್ಲಿ ಕಂಡದ್ದೂ ಅದೇ. ಮನಾಬೆ ಅವರಿಗೆ 2021ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಇನ್ನು ಸೂರ್ಯನ ಕಾವನ್ನೇ 1970ರ ದಶಕದ ಕೊನೆಯಿಂದ ಉಪಗ್ರಹಗಳು ಅಳೆಯುತ್ತಿವೆ. ಭೂಮಿಯ ತಾಪ ಏರಿದಂತೆ ಅದು ಏರಿಲ್ಲ.

ಮೊದಲೇ ಹೇಳಿ ಆಮೇಲೆ ಪರೀಕ್ಷೆಗೆ ನಿಂತ ಇಂಥ ಲೆಕ್ಕಗಳು ಅನುಮಾನಕ್ಕೆ ಅತಿ ಗಟ್ಟಿಯಾದ ಉತ್ತರ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದಾಗ, ಅದರ ಕಣಗಳು ಬಿಸಿಲನ್ನು ತಡೆಯುವುದರಿಂದ ಭೂಮಿ ಸ್ವಲ್ಪ ಕಾಲ ಸುಮಾರು ಅರ್ಧ ಡಿಗ್ರಿ ತಂಪಾಗಿ ಮತ್ತೆ ಮೊದಲಿನ ದಾರಿಗೆ ಬರುತ್ತದೆ ಎಂದು ಜೇಮ್ಸ್ ಹ್ಯಾನ್ಸನ್ ಅವರ ತಂಡ ಕಂಪ್ಯೂಟರ್ ಮಾದರಿಯಿಂದ ಮುಂಚಿತವಾಗಿ ಹೇಳಿತು. ಹೆಚ್ಚುಕಡಿಮೆ ಹಾಗೆಯೇ ಆಯಿತು.

ಈ ಭಾಗದಲ್ಲಿ ಅನುಮಾನ ಹುಟ್ಟುವುದು ಎಲ್ಲಿಂದ

ಬಳ್ಳಾರಿ, ಕೊಪ್ಪಳದ ಹಳ್ಳಿಗಳಲ್ಲಿ ‘ವಿಜ್ಞಾನಿಗಳ ವರದಿ’ ಎಂದಾಗ ಜನ ಮುಖ ಸಿಂಡರಿಸಿದರೆ ಅದಕ್ಕೆ ಕಾರಣ ಇದೆ. ಗಣಿಗೋ ಕಾರ್ಖಾನೆಗೋ ಅನುಮತಿ ಬೇಕಾದಾಗ ಪರಿಸರ ಪರಿಣಾಮ ವರದಿ ಸಿದ್ಧವಾಗಬೇಕು. ಕೇಂದ್ರ ಪರಿಸರ ಸಚಿವಾಲಯದ 2006ರ ಅಧಿಸೂಚನೆಯ ಪದ್ಧತಿಯಲ್ಲಿ ಆ ವರದಿ ಬರೆಯುವ ಸಲಹಾ ಸಂಸ್ಥೆಯನ್ನು ನೇಮಿಸಿ ದುಡ್ಡು ಕೊಡುವುದು ಯೋಜನೆ ತರುವ ಕಂಪನಿಯೇ. ಅಹವಾಲು ಸಭೆಗೆ ಬರುವ ಹೊತ್ತಿಗೆ ಜನರ ಕೈಗೆ ಕನ್ನಡದಲ್ಲಿ ಸಿಗುವುದು ಅದರ ಸಾರಾಂಶ ಮಾತ್ರ. ಧೂಳು ಮಿತಿಯಲ್ಲಿದೆ ಎಂದು ವರದಿ ಹೇಳುತ್ತಿದ್ದರೆ, ಬೆಳೆ ಮೇಲೆ ಕೂತ ಕೆಂಪು ಧೂಳು ಎದುರಿಗೇ ಕಾಣುತ್ತಿರುತ್ತದೆ. ‘ದುಡ್ಡು ಕೊಟ್ಟವರ ಪರ ಬರದಾರ’ ಎಂಬ ಮಾತು ಆ ಅನುಭವದಿಂದ ಬಂದದ್ದು. ಅದನ್ನು ಅಜ್ಞಾನ ಎಂದು ತಳ್ಳಿಹಾಕುವ ವಿಜ್ಞಾನಿ ಅಲ್ಲಿಗೇ ಸೋತಂತೆ.

ಇನ್ನೊಂದು ಅನುಮಾನ ಪ್ರತಿ ಬೇಸಿಗೆಯೂ ಬರುತ್ತದೆ. ಮೊಬೈಲ್ 45 ತೋರಿಸುತ್ತಿರುತ್ತದೆ, ಹವಾಮಾನ ಇಲಾಖೆ 42 ಎನ್ನುತ್ತದೆ. ‘ಕಮ್ಮಿ ತೋರಸ್ತಾರ, ಇಲ್ಲಾಂದ್ರ ಸಾಲಿಗೆ ರಜಾ ಕೊಡಬೇಕಾಗ್ತದ’ ಎಂಬ ಮಾತು ಹುಟ್ಟುತ್ತದೆ. ಇಲಾಖೆ ಅಳೆಯುವ ಕ್ರಮ ಗೊತ್ತಾದರೆ ಇದು ತಾನಾಗಿ ಬಗೆಹರಿಯುತ್ತದೆ. ವೀಕ್ಷಣಾಲಯದ ಬಯಲಲ್ಲಿ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಕಾಲುಗಳ ಮೇಲೆ ಬಿಳಿ ಬಣ್ಣದ ಮರದ ಪೆಟ್ಟಿಗೆ ನಿಂತಿರುತ್ತದೆ. ಹೆಸರು ಸ್ಟೀವನ್ಸನ್ ಪೆಟ್ಟಿಗೆ. ಗಾಳಿ ಆಡಲೆಂದು ಅದರ ಗೋಡೆಗಳಿಗೆ ಓರೆ ಪಟ್ಟಿಗಳನ್ನು ಜೋಡಿಸಿರುತ್ತಾರೆ. ಓದುವಾಗ ಬಿಸಿಲು ಒಳಗೆ ಬೀಳಬಾರದೆಂದು ಬಾಗಿಲು ಉತ್ತರಕ್ಕೆ ತೆರೆಯುತ್ತದೆ. ಒಳಗೆ ಒಂದು ಪಾದರಸದ ಥರ್ಮಾಮೀಟರ್ ಅಡ್ಡ ಮಲಗಿರುತ್ತದೆ; ಅದರ ಕೊಳವೆ ಒಂದು ಕಡೆ ಸಣ್ಣಗೆ ಬಿಗಿದಿರುವುದರಿಂದ ಮೇಲೆ ಹೋದ ಪಾದರಸ ತಾನಾಗಿ ಇಳಿಯುವುದಿಲ್ಲ. ದಿನದ ಗರಿಷ್ಠ ತಾಪ ಹಾಗೆ ಉಳಿಯುತ್ತದೆ. ಅಂದರೆ ಅಳೆಯುತ್ತಿರುವುದು ನೆರಳಿನ ಗಾಳಿಯ ಬಿಸಿ. ಮೊಬೈಲ್‌ನ ಅಂಕಿ ಕಂಪ್ಯೂಟರ್ ಮಾದರಿಯ ಅಂದಾಜು. ಡಾಂಬರು ರಸ್ತೆ, ತಗಡಿನ ಮಾಡು, ನಿಂತ ಕಾರು ಬಿಸಿಲಿಗೆ ಕಾದು ಗಾಳಿಗಿಂತ ಎಷ್ಟೋ ಬಿಸಿಯಾಗಿರುತ್ತವೆ. ಜಗತ್ತಿನಲ್ಲೆಲ್ಲ ನೆರಳಲ್ಲೇ ಅಳೆಯುವುದು, ಇವತ್ತಿನ ಅಂಕಿಯನ್ನು ಹಿಂದಿನ ಅಂಕಿಗೆ ಹೋಲಿಸಲು ಬರಲಿ ಎಂದು. ಶಾಲಾ ಮಕ್ಕಳನ್ನು ಕರೆದು ಈ ಪೆಟ್ಟಿಗೆಯ ಬಾಗಿಲು ಒಮ್ಮೆ ತೆರೆದು ತೋರಿಸಿದರೆ ಹತ್ತು ಪತ್ರಿಕಾ ಹೇಳಿಕೆಗಳು ಮಾಡದ ಕೆಲಸ ಆಗುತ್ತದೆ.

ಪಕ್ಷಪಾತದ ಆರೋಪಕ್ಕೆ ಉತ್ತರ ಇನ್ನೊಂದು ತೂಕ

ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ಖರೀದಿದಾರನ ತೂಕದ ಮೇಲೆ ರೈತನಿಗೆ ಅನುಮಾನ ಬಂತು ಎನ್ನಿ. ಖರೀದಿದಾರ ಒಳ್ಳೆಯವನೋ ಕೆಟ್ಟವನೋ ಎಂದು ವಾದಿಸುತ್ತ ಕೂತರೆ ಸಂಜೆಯಾದರೂ ಮುಗಿಯುವುದಿಲ್ಲ. ಗಾಡಿಯನ್ನು ಇನ್ನೊಂದು ವೇ ಬ್ರಿಜ್‌ಗೆ ಹೊಡೆದು ತೂಗಿಸಿದರೆ ಐದು ನಿಮಿಷದ ಕೆಲಸ. ಎರಡೂ ಕಡೆ ಒಂದೇ ತೂಕ ಬಂದರೆ ಖರೀದಿದಾರನ ಗುಣ ಏನೇ ಇರಲಿ, ತೂಕ ಸರಿ.

ಹವಾಮಾನ ವಿಜ್ಞಾನದಲ್ಲಿ ಇದು ನಡೆದಿದೆ. ತಾಪಮಾನದ ದಾಖಲೆಗಳು ಸರಿಯಿಲ್ಲ, ನಗರಗಳು ಬೆಳೆದು ಥರ್ಮಾಮೀಟರ್‌ಗಳು ಕಟ್ಟಡಗಳ ನಡುವೆ ಸಿಕ್ಕಿಕೊಂಡಿರುವುದರಿಂದ ಬಿಸಿ ಹೆಚ್ಚು ಕಾಣುತ್ತಿದೆ ಎಂಬ ಅನುಮಾನ ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಅವರಿಗಿತ್ತು. ಅವರು ಬರ್ಕ್ಲಿ ಅರ್ಥ್ ಎಂಬ ತಂಡ ಕಟ್ಟಿ ಎಲ್ಲ ದಾಖಲೆಗಳನ್ನು ಮೊದಲಿನಿಂದ ಲೆಕ್ಕ ಹಾಕಿದರು. ತೈಲ ಉದ್ಯಮದ ಚಾರ್ಲ್ಸ್ ಕೋಚ್ ಅವರ ಪ್ರತಿಷ್ಠಾನವೂ ಇದಕ್ಕೆ ದುಡ್ಡು ಕೊಟ್ಟಿತ್ತು. ಉತ್ತರ ಮೊದಲಿನವರ ಲೆಕ್ಕಕ್ಕೇ ಬಂದು ನಿಂತಿತು: ಭೂಮಿ ಬಿಸಿಯಾಗುತ್ತಿದೆ, ನಗರಗಳ ಬಿಸಿ ಆ ಲೆಕ್ಕವನ್ನು ಕೆಡಿಸಿಲ್ಲ. ತನ್ನ ಅಭಿಪ್ರಾಯ ಬದಲಾಗಿದೆ ಎಂದು ಮುಲ್ಲರ್ 2012ರಲ್ಲಿ ಬಹಿರಂಗವಾಗಿ ಬರೆದರು. ಎಕ್ಸಾನ್ ತೈಲ ಕಂಪನಿಯ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ 1977ರಲ್ಲೇ ಇಂಧನ ಸುಟ್ಟು ಭೂಮಿ ಬಿಸಿಯಾಗುವುದರ ಬಗ್ಗೆ ತಮ್ಮ ಆಡಳಿತಕ್ಕೆ ವಿವರಿಸಿದ್ದರು. ಆ ಕಂಪನಿಯ ವಿಜ್ಞಾನಿಗಳ ಹಳೆಯ ಮುನ್ಸೂಚನೆಗಳನ್ನು ಮುಂದೆ ನಡೆದದ್ದರ ಜೊತೆ ಹೋಲಿಸಿದ 2023ರ ಅಧ್ಯಯನ, ಅವು ಬಹುಪಾಲು ನಿಖರವಾಗಿದ್ದವು ಎಂದು ಕಂಡುಕೊಂಡಿತು. ಲಾಭ ಯಾವ ಕಡೆ ಇದ್ದರೂ ತೂಕ ಒಂದೇ ಬಂದಿದೆ.

ಹಾಗೆಂದು ವಿಜ್ಞಾನಿಗೆ ದುಡ್ಡಿನ ಹಂಗಿಲ್ಲ ಎಂದು ಹೇಳುವುದು ಸರಿಯಲ್ಲ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ನಡೆಯುವ ಹವಾಮಾನ ಸಂಬಂಧಿ ಕೆಲಸಕ್ಕೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು 2011ರಿಂದ ‘ನಿಕ್ರಾ’ ಯೋಜನೆಯಡಿ ಹಣ ಕೊಡುತ್ತಿದೆ. ಸಭೆಯಲ್ಲಿ ಯಾರೋ ಎದ್ದು ಕೇಳುವ ತನಕ ಕಾಯದೆ, ‘ಈ ಕೆಲಸಕ್ಕೆ ಇಂಥವರ ಹಣ, ನನ್ನ ಸಂಬಳ ಇಂಥ ಕಡೆಯಿಂದ, ಫಲಿತಾಂಶ ಏನೇ ಬಂದರೂ ಸಂಬಳ ಅಷ್ಟೇ’ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ತಪ್ಪು ಸಿಕ್ಕಾಗ ಏನು ಮಾಡಬೇಕು

ವಿಜ್ಞಾನಿಗಳ ನಡವಳಿಕೆಯೇ ಅವರ ವಿಶ್ವಾಸ ಕೆಡಿಸಿದ ಸಂದರ್ಭಗಳಿವೆ. ಅದರಲ್ಲಿ ಒಂದು ನಮ್ಮ ದೇಶಕ್ಕೇ ಸಂಬಂಧಿಸಿದ್ದು. ಹವಾಮಾನದ ಬಗ್ಗೆ ಜಗತ್ತಿನ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ ವರದಿ ಕೊಡಲು 1988ರಲ್ಲಿ ಸ್ಥಾಪನೆಯಾದ ಅಂತರ ಸರ್ಕಾರಿ ಸಮಿತಿ ಐಪಿಸಿಸಿ. ಅದರ 2007ರ ವರದಿಯ ಏಷ್ಯಾ ಅಧ್ಯಾಯದಲ್ಲಿ, ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಇಲ್ಲವಾಗುವ ಸಾಧ್ಯತೆ ಹೆಚ್ಚು ಎಂಬ ಮಾತು ಸೇರಿಕೊಂಡಿತ್ತು. ಅದಕ್ಕೆ ಸರಿಯಾದ ಸಂಶೋಧನಾ ಪ್ರಬಂಧದ ಆಧಾರವೇ ಇರಲಿಲ್ಲ. 2009ರ ನವೆಂಬರ್‌ನಲ್ಲಿ ನಮ್ಮ ಪರಿಸರ ಸಚಿವಾಲಯ, ಹಿಮನದಿ ತಜ್ಞ ವಿ.ಕೆ. ರೈನಾ ಅವರ ಪ್ರಬಂಧ ಪ್ರಕಟಿಸಿ ಹಿಮ ಕರಗುವ ವೇಗದ ಬಗೆಗಿನ ಆತಂಕವನ್ನು ಪ್ರಶ್ನಿಸಿತು. ಸಮಿತಿಯ ಅಧ್ಯಕ್ಷರಾಗಿದ್ದ ರಾಜೇಂದ್ರ ಪಚೌರಿ ಅದನ್ನು ಮಾಟಮಂತ್ರದಂಥ ವಿಜ್ಞಾನ ಎಂಬ ಅರ್ಥದ ಮಾತಿನಲ್ಲಿ ತಳ್ಳಿಹಾಕಿದರು. ಎರಡೇ ತಿಂಗಳಲ್ಲಿ, 2010ರ ಜನವರಿಯಲ್ಲಿ, 2035ರ ಮಾತು ತಪ್ಪೆಂದು ಸಮಿತಿಯೇ ವಿಷಾದ ವ್ಯಕ್ತಪಡಿಸಬೇಕಾಯಿತು.

ಸಾವಿರ ಪುಟ ದಾಟಿದ ವರದಿಯಲ್ಲಿ ಒಂದು ಪ್ಯಾರಾ ತಪ್ಪಾಗುವುದು ದೊಡ್ಡ ಮಾತಲ್ಲ. ಪ್ರಶ್ನೆ ಕೇಳಿದವರನ್ನು ಹೀಗಳೆದದ್ದು ದೊಡ್ಡ ಮಾತಾಯಿತು. ಆ ಒಂದು ತಪ್ಪನ್ನು ಇಂದಿಗೂ ಇಡೀ ವಿಜ್ಞಾನದ ವಿರುದ್ಧ ಬಳಸಲಾಗುತ್ತದೆ. ಹಿಮಾಲಯ ಕರಗುತ್ತಿಲ್ಲ ಎಂದು ಇದರ ಅರ್ಥವಲ್ಲ. ಉಪಗ್ರಹ ಚಿತ್ರಗಳ ಮೇಲೆ ನಡೆದ 2019ರ ಅಧ್ಯಯನವೊಂದರ ಪ್ರಕಾರ, 2000ದ ನಂತರ ಅಲ್ಲಿ ಹಿಮ ಕರಗುವ ವೇಗ ಅದರ ಹಿಂದಿನ 25 ವರ್ಷಕ್ಕೆ ಹೋಲಿಸಿದರೆ ಸುಮಾರು ಇಮ್ಮಡಿ. ವಾಸ್ತವ ಇಷ್ಟು ಗಂಭೀರವಾಗಿರುವಾಗ ಅದಕ್ಕೆ ಉತ್ಪ್ರೇಕ್ಷೆ ಸೇರಿಸುವ ಅಗತ್ಯವೇ ಇರಲಿಲ್ಲ.

ಅದೇ 2009ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿಗಳ ಇಮೇಲ್‌ಗಳನ್ನು ಯಾರೋ ಕದ್ದು ಹೊರಬಿಟ್ಟರು. ಅಲ್ಲಲ್ಲಿ ಒಂದೊಂದು ಸಾಲು ಎತ್ತಿ, ವಿಜ್ಞಾನಿಗಳು ಅಂಕಿ ತಿರುಚಿದ್ದಾರೆ ಎಂಬ ಸುದ್ದಿ ಹಬ್ಬಿತು. ಹಲವು ತನಿಖೆಗಳು ನಡೆದವು. 2010ರ ಜುಲೈನಲ್ಲಿ ಬಂದ ಮ್ಯೂರ್ ರಸೆಲ್ ಸಮಿತಿ ವರದಿ, ವಿಜ್ಞಾನಿಗಳ ಪ್ರಾಮಾಣಿಕತೆಯ ಬಗ್ಗೆ ಸಂಶಯವಿಲ್ಲ ಎಂದಿತು. ಜೊತೆಗೆ, ಕೇಳಿದವರಿಗೆ ಮಾಹಿತಿ ಕೊಡುವಲ್ಲಿ ಅವರು ಮುಕ್ತವಾಗಿರಲಿಲ್ಲ ಎಂದೂ ಹೇಳಿತು. ಮೊದಲ ಭಾಗವನ್ನಷ್ಟೇ ಹೇಳಿ ಎರಡನೆಯದನ್ನು ನುಂಗುವ ವಿಜ್ಞಾನಿಯನ್ನು ಜನ ನಂಬುವುದಿಲ್ಲ.

ಸರಿಯಾದ ನಡೆಯೂ ಇದೆ. 2007ರಲ್ಲಿ ಕೆನಡಾದ ಸ್ಟೀವ್ ಮ್ಯಾಕಿಂಟೈರ್ ಎಂಬ ವಿಮರ್ಶಕರು ನಾಸಾದ ತಾಪಮಾನ ಲೆಕ್ಕದಲ್ಲಿ, 2000ದ ನಂತರದ ಅಮೆರಿಕದ ಅಂಕಿಗಳಲ್ಲಿ, ದೋಷ ಕಂಡುಹಿಡಿದರು. ನಾಸಾ ಬೇಗ ತಿದ್ದಿತು, ಲೆಕ್ಕ ಹಾಕುವ ಕಂಪ್ಯೂಟರ್ ಕೋಡನ್ನೂ ಸಾರ್ವಜನಿಕರಿಗೆ ತೆರೆದಿಟ್ಟಿತು. ಅಮೆರಿಕ ಭೂಮಿಯ ಮೇಲ್ಮೈಯಲ್ಲಿ ಸುಮಾರು ಶೇ 2 ಮಾತ್ರವಾದ್ದರಿಂದ ಜಾಗತಿಕ ಲೆಕ್ಕ ಹೆಚ್ಚೇನೂ ಬದಲಾಗಲಿಲ್ಲ. ಟೀಕಾಕಾರ ಸರಿಯಿದ್ದಾಗ ಸರಿ ಎನ್ನುವುದರಿಂದ ವಿಜ್ಞಾನಕ್ಕೆ ನಷ್ಟವಿಲ್ಲ. ಐಪಿಸಿಸಿಯೂ ಮುಂದೆ ಸ್ವತಂತ್ರ ಪರಿಶೀಲನೆಗೆ ಒಳಪಟ್ಟು ತನ್ನ ನಿಯಮಗಳನ್ನು ಬಿಗಿ ಮಾಡಿಕೊಂಡಿತು. 2021ರ ಅದರ ವರದಿಯ ಮೊದಲ ಭಾಗವನ್ನು 66 ದೇಶಗಳ 234 ಲೇಖಕರು ಬರೆದರು. ಕರಡಿನ ಮೇಲೆ 78,007 ಟಿಪ್ಪಣಿಗಳು ಬಂದವು. ಆ ಟಿಪ್ಪಣಿಗಳು, ಅವಕ್ಕೆ ಲೇಖಕರ ಉತ್ತರಗಳು ಎರಡೂ ಯಾರು ಬೇಕಾದರೂ ಓದಲು ಸಿಗುತ್ತವೆ.

ಎಲ್ಲದಕ್ಕೂ ಹವಾಮಾನವೇ ಕಾರಣವಲ್ಲ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಸಂಗ್ರಹವಾಗಿದ್ದ ನೀರು ನದಿಗೆ ಹರಿಯಿತು, ನಾಲ್ಕು ಜಿಲ್ಲೆಗಳ ರೈತರು ನಿದ್ದೆಗೆಟ್ಟರು. ಹವಾಮಾನ ಬದಲಾವಣೆಯನ್ನು ಇದಕ್ಕೆ ತಳಕು ಹಾಕಲು ಯಾರಿಗಾದರೂ ಮನಸ್ಸಾಗಬಹುದು. ಆದರೆ ಗೇಟಿನ ಚೈನ್ ತುಂಡಾಗಿ ಆದದ್ದು ಅದು. 1953ರಿಂದ ನಿಂತಿರುವ ಅಣೆಕಟ್ಟೆಯ ಹಳೆಯ ಗೇಟು. ಅದೇ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ 105.788 ಟಿಎಂಸಿಗೆ ಇಳಿದಿರುವುದು ಹೂಳಿನಿಂದ. ಇಂಥ ಕಡೆ ‘ಇದು ಹವಾಮಾನ ಬದಲಾವಣೆಯಲ್ಲ’ ಎಂದು ಸ್ಪಷ್ಟವಾಗಿ ಹೇಳುವ ವಿಜ್ಞಾನಿಯ ಮಾತಿಗೆ, ಮುಂದೆ ‘ಇದು ಹೌದು’ ಎಂದಾಗ ಬೆಲೆ ಬರುತ್ತದೆ.

ನಡುವಿನ ಸಂಗತಿಗಳೂ ಇವೆ. ಬರಗಾಲದ ಅಂಚಿನಲ್ಲಿದ್ದ 2009ರಲ್ಲಿ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರುವಿನ ಮಳೆಗೆ ತುಂಗಭದ್ರಾ, ಕೃಷ್ಣಾ ಉಕ್ಕಿದವು. ಮಂತ್ರಾಲಯ ಮುಳುಗಿತು, ರಾಯಚೂರು ಜಿಲ್ಲೆಯ ಹಳ್ಳಿಗಳಿಗೆ ನೀರು ನುಗ್ಗಿತು. ಬಿಸಿಯಾದ ಗಾಳಿ ಹೆಚ್ಚು ತೇವ ಹಿಡಿಯುತ್ತದೆ, ಒಂದು ಡಿಗ್ರಿಗೆ ಸುಮಾರು ಶೇ 7ರಷ್ಟು. ಆದ್ದರಿಂದ ಸುರಿದಾಗ ಒಮ್ಮೆಲೇ ಸುರಿಯುವ ಮಳೆ ಹೆಚ್ಚುತ್ತದೆ ಎಂಬುದು ಗಟ್ಟಿಯಾದ ತಿಳಿವಳಿಕೆ. ಆದರೆ ಯಾವುದೇ ಒಂದು ಪ್ರವಾಹದಲ್ಲಿ ಅದರ ಪಾಲು ಎಷ್ಟು ಎಂದು ಹೇಳಬೇಕಾದರೆ ಆ ಪ್ರವಾಹದ್ದೇ ಲೆಕ್ಕ ಬೇರೆಯಾಗಿ ಆಗಬೇಕು. ಲೆಕ್ಕ ಆಗುವ ಮೊದಲು ಹೇಳಬಹುದಾದದ್ದು ಇಷ್ಟೇ: ಇಂಥ ಮಳೆಯ ಸಂಭವ ಹೆಚ್ಚುತ್ತಿದೆ.

ಭತ್ತದ ವಿಷಯವೂ ಹಾಗೆಯೇ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಹೊಲಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಣ ಹಂಗಾಮಿನಲ್ಲಿ ರಾತ್ರಿಯ ಕನಿಷ್ಠ ತಾಪ ಒಂದು ಡಿಗ್ರಿ ಏರಿದರೆ ಇಳುವರಿ ಸುಮಾರು ಶೇ 10 ಇಳಿಯುತ್ತದೆ. ಗಂಗಾವತಿ, ಸಿಂಧನೂರಿನ ಬೇಸಿಗೆ ಭತ್ತದವರು ಕಿವಿಗೊಡಬೇಕಾದ ಸಂಗತಿ ಇದು. ಆದರೆ ಅಲ್ಲಿಯ ಅಂಕಿಯನ್ನು ಇಲ್ಲಿಗೆ ಹಾಗೇ ತಂದು, ಇಷ್ಟು ಚೀಲ ಕಡಿಮೆಯಾಗುತ್ತದೆ ಎಂದು ಹೇಳಬಾರದು. ತಳಿ, ಮಣ್ಣು, ನೀರು ಎಲ್ಲ ಬೇರೆ.

ಇಷ್ಟು ನಾಜೂಕಾಗಿ ಮಾತಾಡಿದರೆ ಜನ ಕೇಳುವುದಿಲ್ಲ ಎಂಬುದು ವಿಜ್ಞಾನಿಗಳ ಅಳುಕು. ಖಚಿತವಲ್ಲದ್ದನ್ನು ಅಂಕಿಯಲ್ಲಿ ಹೇಳಿದರೆ ಆಗುತ್ತದೆ. ‘ಬಹುಶಃ’ ಎಂದರೆ ಒಬ್ಬೊಬ್ಬರು ಒಂದೊಂದು ತಿಳಿಯುತ್ತಾರೆ. ‘ಹತ್ತರಲ್ಲಿ ಒಂಬತ್ತು ಸಲ’ ಎಂದರೆ ಎಲ್ಲರಿಗೂ ಒಂದೇ. ಮುಂಗಾರು ಮುನ್ಸೂಚನೆ ಕೇಳಿ ಬಿತ್ತುವ ರೈತನಿಗೆ ಸಂಭವದ ಲೆಕ್ಕ ಹೇಳಿಕೊಡಬೇಕಾಗಿಲ್ಲ.

ಯಾರ ಜೊತೆ ವಾದ, ಯಾರ ಜೊತೆ ಮಾತು

1969ರಲ್ಲಿ ಅಮೆರಿಕದ ಒಂದು ತಂಬಾಕು ಕಂಪನಿಯ ಒಳಟಿಪ್ಪಣಿಯಲ್ಲಿ ‘ಅನುಮಾನವೇ ನಮ್ಮ ಸರಕು’ ಎಂದು ಬರೆಯಲಾಗಿತ್ತು. ಸಿಗರೇಟಿನಿಂದ ಕ್ಯಾನ್ಸರ್ ಬರುವುದಿಲ್ಲ ಎಂದು ಸಾಬೀತು ಮಾಡುವುದು ಅವರಿಗೆ ಬೇಕಿರಲಿಲ್ಲ, ಇನ್ನೂ ಚರ್ಚೆ ಮುಗಿದಿಲ್ಲ ಎಂಬ ಭಾವನೆ ಉಳಿದರೆ ಸಾಕಿತ್ತು. ಹವಾಮಾನದ ವಿಷಯದಲ್ಲೂ ಅದೇ ಪಟ್ಟು ನಡೆಯಿತು. ‘1998ರಿಂದ ಭೂಮಿ ಬಿಸಿಯಾಗಿಯೇ ಇಲ್ಲ’ ಎಂಬ ವಾದ ಒಂದು ಉದಾಹರಣೆ. 1998 ಪ್ರಬಲ ಎಲ್ ನಿನೋದಿಂದಾಗಿ, ಅಂದರೆ ಕೆಲವು ವರ್ಷಕ್ಕೊಮ್ಮೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗುವುದರಿಂದ, ವಿಪರೀತ ಬಿಸಿಯಾದ ವರ್ಷ. ಅಲ್ಲಿಂದಲೇ ಗೆರೆ ಎಳೆದರೆ ಮುಂದಿನ ಕೆಲವು ವರ್ಷ ಚಪ್ಪಟೆ ಕಾಣುತ್ತವೆ. 1990ರಿಂದಲೋ 1980ರಿಂದಲೋ ಎಳೆದರೆ ಏರು ಕಾಣುತ್ತದೆ.

ಇಂಥ ಪಟ್ಟುಗಳ ಬಗ್ಗೆ ಜನರಿಗೆ ಮೊದಲೇ ಹೇಳಿಟ್ಟರೆ ಪರಿಣಾಮ ಕಡಿಮೆಯಾಗುತ್ತದೆ ಎಂದು ಜಾನ್ ಕುಕ್ ಮತ್ತು ಸಂಗಡಿಗರು 2017ರ ಪ್ರಯೋಗದಲ್ಲಿ ತೋರಿಸಿದರು. ತಂಬಾಕು ಕಂಪನಿಗಳು ನಕಲಿ ತಜ್ಞರನ್ನು ಹೇಗೆ ಬಳಸಿದವು ಎಂದು ಮೊದಲು ಓದಿದವರು, ಆಮೇಲೆ ಹವಾಮಾನದ ತಪ್ಪು ಮಾಹಿತಿ ಓದಿದಾಗ ಅದಕ್ಕೆ ಬೀಳಲಿಲ್ಲ. ಪ್ರತಿ ಸುಳ್ಳಿನ ಹಿಂದೆ ಓಡುವುದಕ್ಕಿಂತ ಸುಳ್ಳು ಕಟ್ಟುವ ಬಗೆಯನ್ನು ಬಿಡಿಸಿ ತೋರಿಸುವುದು ಲಾಭ.

ಹಾಗಾಗಿ ಟಿವಿ ಸ್ಟುಡಿಯೊದಲ್ಲಿ ನಿರಾಕರಿಸುವವರ ಎದುರು ಕೂತು ಕೂಗಾಡುವುದರಲ್ಲಿ ಪ್ರಯೋಜನ ಕಡಿಮೆ. ಒಂದು ಕಡೆ ಒಬ್ಬರು, ಇನ್ನೊಂದು ಕಡೆ ಒಬ್ಬರು ಕೂತರೆ ಸಾಕ್ಷ್ಯವೂ ಸಮಸಮ ಎಂದು ನೋಡುವವರಿಗೆ ಅನ್ನಿಸುತ್ತದೆ. ವಿಜ್ಞಾನಿಯ ಸಮಯ ಸಲ್ಲಬೇಕಾದದ್ದು ವಾದ ಕೇಳುತ್ತಾ ಗೊಂದಲದಲ್ಲಿರುವ ಬಹುಪಾಲು ಜನಕ್ಕೆ. ಅವರ ಜೊತೆ ಮಾತು ಪಂಚಾಯಿತಿ ಕಟ್ಟೆಯಲ್ಲಿ, ರೈತ ಸಂಪರ್ಕ ಕೇಂದ್ರದಲ್ಲಿ, ಕಾಲೇಜಿನಲ್ಲಿ, ಕನ್ನಡದಲ್ಲಿ ಆಗಬೇಕು.

ಹಾಗಾದರೆ ಶಕ್ತಿನಗರ ಮುಚ್ಚಬೇಕೆ?

ಈ ಭಾಗದಲ್ಲಿ ಹವಾಮಾನದ ಮಾತು ಎತ್ತಿದರೆ ಬಹಳ ಬೇಗ ಬರುವ ಪ್ರಶ್ನೆ ಇದು. ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಡುವ ರಾಯಚೂರು ಶಾಖೋತ್ಪನ್ನ ಕೇಂದ್ರ 1985ರಿಂದ ವಿದ್ಯುತ್ ಕೊಡುತ್ತಿದೆ, ಸಾಮರ್ಥ್ಯ 1,720 ಮೆಗಾವಾಟ್. ಯರಮರಸ್‌ನಲ್ಲಿ 1,600, ಬಳ್ಳಾರಿಯ ಕುಡತಿನಿಯಲ್ಲಿ 1,700 ಮೆಗಾವಾಟ್. ತೋರಣಗಲ್ಲಿನ ಉಕ್ಕು ಕಾರ್ಖಾನೆಯೂ ಕಲ್ಲಿದ್ದಲಿನ ಮೇಲೆ ನಿಂತದ್ದು. ಗುತ್ತಿಗೆ ಕಾರ್ಮಿಕರು, ಲಾರಿಯವರು, ಹಾರುಬೂದಿ ಇಟ್ಟಿಗೆಯವರು, ಊಟದ ಹೋಟೆಲಿನವರು, ಹೀಗೆ ಸಾವಿರಾರು ಮನೆಗಳ ಅನ್ನ ಇದರಲ್ಲಿದೆ. ಇಲ್ಲಿಯ ನಿರಾಕರಣೆಯಲ್ಲಿ ಎಷ್ಟೋ ಪಾಲು ಭಯ. ‘ಭೂಮಿ ಬಿಸಿಯಾಗ್ತಿಲ್ಲ’ ಎನ್ನುವವರು ಹೇಳಬೇಕೆಂದಿರುವುದು ‘ನಮ್ಮ ಕೆಲಸ ಕಿತ್ತುಕೊಳ್ಳಬೇಡಿ’ ಎಂದು.

ಇಲ್ಲಿ ವಿಜ್ಞಾನಿ ಎರಡು ಪ್ರಶ್ನೆಗಳನ್ನು ಬಿಡಿಸಿ ಇಡಬೇಕು. ಕಲ್ಲಿದ್ದಲು ಸುಟ್ಟರೆ ಏನಾಗುತ್ತದೆ ಎಂಬುದಕ್ಕೆ ಭೌತವಿಜ್ಞಾನದಲ್ಲಿ ಉತ್ತರವಿದೆ, ಅದು ಯಾರ ಇಷ್ಟಕ್ಕೂ ಬದಲಾಗುವುದಿಲ್ಲ. ಯಾವ ಸ್ಥಾವರ ಯಾವಾಗ ನಿಲ್ಲಬೇಕು, ಅಲ್ಲಿಯವರಿಗೆ ಬದಲಿ ಕೆಲಸ ಯಾರು ಕೊಡಬೇಕು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಅದನ್ನು ತೀರ್ಮಾನಿಸಬೇಕಾದವರು ಜನ, ಕಾರ್ಮಿಕ ಸಂಘಟನೆ, ಶಾಸನಸಭೆ, ಸಂಸತ್ತು. ವಿದೇಶಿ ಸಂಚು ಎಂಬ ಆರೋಪಕ್ಕೂ ಉತ್ತರ ಇಲ್ಲೇ ಇದೆ. ಭಾರತದಲ್ಲಿ ತಲೆಗೆ ಬೀಳುವ ಇಂಗಾಲದ ಹೊರಸೂಸುವಿಕೆ ವಿಶ್ವ ಸರಾಸರಿಯ ಅರ್ಧಕ್ಕಿಂತ ಕಡಿಮೆ. ಮೊದಲು ಸುಟ್ಟು ಸಿರಿವಂತರಾದ ದೇಶಗಳು ಹೆಚ್ಚು ಹೊಣೆ ಹೊರಬೇಕು ಎಂಬುದು ನಮ್ಮ ದೇಶ ಅಂತರರಾಷ್ಟ್ರೀಯ ಸಭೆಗಳಲ್ಲಿ ಬಹಳ ಕಾಲದಿಂದ ಮಂಡಿಸುತ್ತಿರುವ ವಾದ. ನಿವ್ವಳ ಶೂನ್ಯ ಹೊರಸೂಸುವಿಕೆಗೆ, ಅಂದರೆ ಗಾಳಿಗೆ ಬಿಟ್ಟಷ್ಟನ್ನೂ ಹಿಂದಕ್ಕೆ ಹೀರಿಸಿ ಲೆಕ್ಕ ಸರಿದೂಗಿಸುವುದಕ್ಕೆ, 2070ರ ಗಡುವನ್ನು 2021ರಲ್ಲಿ ಗ್ಲಾಸ್ಗೋದಲ್ಲಿ ಘೋಷಿಸಿದ್ದೂ ಆ ಹಿನ್ನೆಲೆಯಲ್ಲೇ. ಹೊಣೆ ಹಂಚುವುದರಲ್ಲಿ ಅನ್ಯಾಯ ಇರಬಹುದು. ಅದರಿಂದ ತಾಪಮಾನದ ಅಳತೆ ಸುಳ್ಳಾಗುವುದಿಲ್ಲ.

ವಿಜ್ಞಾನಿ ತನ್ನ ಅಭಿಪ್ರಾಯವನ್ನೇ ಹೇಳಬಾರದೆ? ಹೇಳಬಹುದು. ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹವಾಮಾನ ವಿಜ್ಞಾನಿ ಕ್ರಮ ಕೈಗೊಳ್ಳಿ ಎಂದು ಒತ್ತಾಯಿಸಿದರೂ ಜನರ ನಂಬಿಕೆ ಕುಸಿಯಲಿಲ್ಲ. ಅಣುಸ್ಥಾವರ ಕಟ್ಟಿ ಎಂಬ ನಿರ್ದಿಷ್ಟ ಸಲಹೆಗೆ ಮಾತ್ರ ಕುಸಿಯಿತು. ‘ಇಲ್ಲಿಯ ತನಕ ಅಳತೆ, ಇನ್ನು ಮುಂದಿನದು ನನ್ನ ಸ್ವಂತ ಅಭಿಪ್ರಾಯ’ ಎಂದು ನಡುವೆ ಗೆರೆ ಎಳೆದು ಹೇಳಿದರೆ ಕೇಳುವವರಿಗೂ ಬೇರ್ಪಡಿಸಿ ನೋಡಲು ಬರುತ್ತದೆ.

ಲೆಕ್ಕ ನೀವೇ ನೋಡಬೇಕೆಂದರೆ

ಹವಾಮಾನ ಇಲಾಖೆಯ ಪುಣೆ ಕಚೇರಿ 1901ರಿಂದ ಈಚಿನ ದೇಶದ ದೈನಂದಿನ ಮಳೆ ದಾಖಲೆಯನ್ನು, 1951ರಿಂದ ಈಚಿನ ತಾಪಮಾನ ದಾಖಲೆಯನ್ನು ಉಚಿತವಾಗಿ ಕೊಡುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕ ಇಟ್ಟಿದೆ, ‘ವರುಣ ಮಿತ್ರ’ ಸಹಾಯವಾಣಿಯಲ್ಲಿ ಮಾಹಿತಿ ಕೊಡುತ್ತದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದಿಂದ ರೈತರಿಗೆ ಹವಾಮಾನ ಆಧಾರಿತ ಸಲಹೆ ಬರುತ್ತದೆ. ದಾಳಿಂಬೆಯಂಥ ಬೆಳೆಗಳ ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರದ ಲೆಕ್ಕ ನಿಲ್ಲುವುದು ಇಂಥ ಮಳೆಮಾಪಕಗಳ ಅಂಕಿಯ ಮೇಲೆಯೇ. ಪಂಚಾಯಿತಿಯ ಮಾಪಕ ಕೆಟ್ಟು ನಿಂತಿದ್ದರೆ ದೂರು ಕೊಡುವುದು ಹಕ್ಕು.

ಕೃಷಿ ವಿಜ್ಞಾನಿ ಊರಿಗೆ ಬಂದಾಗ ಕೇಳಬಹುದಾದ ಪ್ರಶ್ನೆಗಳು ಇವು: ಈ ಅಂಕಿ ಎಷ್ಟು ವರ್ಷದ್ದು? ಯಾವ ಊರಿನ ಮಾಪಕದ್ದು? ಖರ್ಚು ಯಾರು ಕೊಟ್ಟರು? ಬೇರೆ ಯಾರಾದರೂ ಲೆಕ್ಕ ಹಾಕಿ ನೋಡಿದ್ದಾರೆಯೇ? ಏನು ಕಂಡುಬಂದರೆ ನಿಮ್ಮ ಮಾತು ತಪ್ಪು ಎಂದು ಒಪ್ಪುತ್ತೀರಿ? ಬಿಸಿಲು ಕಾದು ಕೂತವರಿಗೆ ಇವುಗಳ ಉತ್ತರ ಆ ಸಭೆಯಲ್ಲೇ, ಅವರ ಮಾತಿನಲ್ಲೇ ಸಿಗಬೇಕು.